ಹದಿನೇಳನೇ ಪ್ರಶ್ನೆ: ಗೋಡೆಯೊಳಗೆ ಏನಿದೆ?

ಫೆಬ್ರವರಿ ೯

ಗೋಡೆಯಾಚೆಯ ತಂಗಿಗೆ,

ನಿನ್ನ ಬಾಗಿಲಿಗೂ ನನ್ನ ಬಾಗಿಲಿಗೂ ಹನ್ನೆರಡು ಹೆಜ್ಜೆ. ಈ ಪತ್ರ ಮಾತ್ರ ಊರೆಲ್ಲ ಸುತ್ತಿ, ಎರಡು ಮುದ್ರೆ ಹೊಡೆಸಿಕೊಂಡು ಮೂರನೇ ದಿನ ನಿನ್ನನ್ನು ತಲುಪುತ್ತದೆ. ಹನ್ನೊಂದು ವರ್ಷದಿಂದ ಮಾತಿಲ್ಲದವರು ಅಂಚೆಯವನನ್ನಾದರೂ ಸಾಕೋಣ.

ವಿಷಯಕ್ಕೆ ಬರುತ್ತೇನೆ. ನಿನ್ನ ಅತ್ತಿಗೆಯ ಎರಡೂ ಮೊಣಕಾಲು ಹೋದವು. ಮಲಗುವ ಕೋಣೆ ಮಹಡಿಯ ಮೇಲಿದೆ. ಅವಳು ಮೆಟ್ಟಿಲ ಮೇಲೆ ಕೂತುಕೊಂಡೇ ಒಂದೊಂದಾಗಿ ಇಳಿಯುತ್ತಾಳೆ. ಹತ್ತುವುದನ್ನು ನಾನು ನೋಡಲಾರೆ. ಅದಕ್ಕೆ ಕೆಳಗೆ ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆ ಒಡೆಸಿ ಅಲ್ಲೇ ಅವಳಿಗೆ ಮಂಚ, ಪಕ್ಕದಲ್ಲೇ ಬಚ್ಚಲು ಮಾಡಿಸುತ್ತಿದ್ದೇನೆ. ಆ ಗೋಡೆ ಮಹಡಿಯನ್ನು ಹೊತ್ತಿದೆ. ಅದು ಹೋದರೆ ಅದರ ಜಾಗಕ್ಕೆ ಕಬ್ಬಿಣದ ತೊಲೆ ಬರಬೇಕು. ತೊಲೆಯ ಒಂದು ತುದಿ ನನ್ನ ಹೊರಗೋಡೆಯ ಮೇಲೆ ಕೂರುತ್ತದೆ, ಇನ್ನೊಂದು ತುದಿ ನಮ್ಮಿಬ್ಬರ ನಡುವಿನ ಗೋಡೆಯ ಮೇಲೆ. ಅಪ್ಪನ ಮನೆ ಎರಡಾದಾಗ ಮುಚ್ಚಿದೆವಲ್ಲ ನಡುಬಾಗಿಲು, ಸರಿಯಾಗಿ ಅದರ ನೆತ್ತಿಗೆ.

ಇದಕ್ಕೆ ಕಟ್ಟಡ ಕಚೇರಿಯ ಒಪ್ಪಿಗೆ ಬೇಕಂತೆ. ಅರ್ಜಿ ಕೊಡಲು ಫೀಸು. ನಕ್ಷೆ ನೋಡಲು ಫೀಸು. ಇನ್ಸ್‌ಪೆಕ್ಟರ್ ಬಂದು ಹೋದಷ್ಟು ಸಲವೂ ಫೀಸು. ಕೆಲಸಕ್ಕಿಂತ ಕೆಲಸ ನೋಡುವವರ ಖರ್ಚೇ ಜಾಸ್ತಿ, ಮೂಗಿಗಿಂತ ಮೂಗುತಿ ಭಾರ. ಮರಳು ಹೊತ್ತು ಬದುಕು ಶುರುಮಾಡಿ ಇವತ್ತು ಟೈಲ್ಸ್ ಅಂಗಡಿ ಇಟ್ಟವನು ನಾನು. ಗೋಡೆ ಅಂದರೇನು ಅಂತ ನನಗೆ ಹೇಳಿಕೊಡಲು ಹೆಲ್ಮೆಟ್ ಹಾಕಿಕೊಂಡವರು ಬರಬೇಕು!

ಅರ್ಜಿಯ ಹದಿನೇಳನೇ ಪ್ರಶ್ನೆ: 'ತೊಲೆ ಕೂರುವ ಗೋಡೆಯೊಳಗೆ ಏನಿದೆ?' ನಾನು ಬರೆದಿದ್ದೇನೆ: 'ಗಟ್ಟಿ ಇಟ್ಟಿಗೆ. ನನ್ನ ಕಡೆಯಿಂದ ಒಂಬತ್ತು ಇಂಚು, ಮಿಕ್ಕಿದ್ದು ಪಕ್ಕದವರದು.' ಕೆಳಗೆ ಪಕ್ಕದ ಮನೆಯವರ ಸಹಿ ಬೇಕು. ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇನೆ. ಸಹಿ ಹಾಕಿ ಕಳಿಸು.

ಇನ್ನೊಂದು. ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ನಿನ್ನ ಹೊಲಿಗೆ ಮೆಷಿನ್ ಶುರುವಾಗುತ್ತದೆ. ಊಟ ಮಾಡಿ ಅರ್ಧ ಗಂಟೆ ಒರಗಿದವನ ಕಿವಿಯೊಳಗೇ ನೀನು ಹೊಲಿಗೆ ಹಾಕಿದ ಹಾಗಿರುತ್ತದೆ. ಮೆಷಿನ್ನಿಗೆ ಎಣ್ಣೆ ಬಿಡುವಷ್ಟು ಆದಾಯ ನಿನಗಿದೆ ಅಂತ ಕೇಳಿದ್ದೇನೆ.

ಇತಿ,
ನಿನ್ನ ಅಣ್ಣ (ಇದನ್ನು ಯಾವ ಕಚೇರಿಯೂ ಬದಲಿಸಲಾರದು)

ಫೆಬ್ರವರಿ ೧೭

ಅಣ್ಣನಿಗೆ,

ಸಹಿ ಹಾಕುವುದಿಲ್ಲ.

ಪಾಲು ಮಾಡಿಕೊಂಡ ದಿನ ನೆನಪಿದೆಯಾ? ಮನೆ ಸಮನಾಗಿ ಸೀಳಿತು, ಮೆಟ್ಟಿಲು ಮಾತ್ರ ಒಂದೇ. "ನಂಗೆ ಮೆಟ್ಟಿಲು ಬೇಕು, ಮೆಟ್ಟಿಲಿಲ್ದೆ ಕಾಗದಕ್ಕೆ ಕೈ ಹಾಕಲ್ಲ" ಅಂತ ಮೂರು ದಿನ ಮುಖ ಊದಿಸಿಕೊಂಡು ಕೂತವನು ನೀನು. ನನಗೆ ಮಹಡಿಯೂ ಇಲ್ಲ, ತಾರಸಿಯೂ ಇಲ್ಲ. ಹನ್ನೊಂದು ವರ್ಷದಿಂದ ಒದ್ದೆ ಬಟ್ಟೆಯನ್ನು ಹಾಸಿಗೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದೇನೆ. ಈಗ ಆ ಮೆಟ್ಟಿಲನ್ನು ಹತ್ತಲಾರೆವು ಅಂತ ಇನ್ನೊಂದು ಗೋಡೆ ಒಡೆಯುತ್ತೀಯ. ಒಡೆಯುವ ಕೆಲಸದಲ್ಲಿ ನಿನ್ನ ಕೈ ಮೊದಲಿಂದಲೂ ಚುರುಕು.

ಅತ್ತಿಗೆಯ ಕಾಲಿನ ವಿಷಯ ನೀನು ಬರೆದು ತಿಳಿಸಬೇಕಾಗಿರಲಿಲ್ಲ. ಅವರ ಕೋಲಿನ ಸದ್ದು ನನಗೆ ಕೇಳಿಸುತ್ತದೆ. ನಿನ್ನ ಕೆಮ್ಮೂ ಕೇಳಿಸುತ್ತದೆ, ನಿನ್ನ ರೇಡಿಯೊ ಕೇಳಿಸುತ್ತದೆ, ಸಾಲ ಕೇಳಿದ ಗಿರಾಕಿಯನ್ನು ಫೋನಿನಲ್ಲಿ ಬೈಯುವುದೂ ಕೇಳಿಸುತ್ತದೆ. ನಾನು ಅದಕ್ಕೆಲ್ಲ ಪತ್ರ ಬರೆದೆನಾ?

ನಮ್ಮ ಮನೆಯವರು ನಮ್ಮ ಕಡೆಯಿಂದ ಒಂಬತ್ತು ಇಂಚು ಕಟ್ಟಿಸಿದ್ದಾರೆ, ನಾನೇ ನಿಂತು ನೋಡಿದ್ದೇನೆ. ಅವರು ತೀರಿಕೊಂಡು ಆರು ವರ್ಷವಾಯಿತು, ಬಂದು ಸಾಕ್ಷಿ ಹೇಳಲಾರರು. ನಿನ್ನ ಒಂಬತ್ತು ಇಂಚಿನ ಮೇಲೆ ಮಾತ್ರ ನನಗೆ ನಂಬಿಕೆಯಿಲ್ಲ. ಆ ಗೋಡೆಯ ಪಕ್ಕದಲ್ಲೇ ನನ್ನ ಕಟಿಂಗ್ ಮೇಜು ಇದೆ. ಅಲ್ಲಿ ನಾನೂ ಕೆಲಸದ ಮೂವರು ಹೆಂಗಸರೂ ದಿನಕ್ಕೆ ಎಂಟು ಗಂಟೆ ಕೂರುತ್ತೇವೆ. ಆದ್ದರಿಂದ ಖುದ್ದಾಗಿ ಬಂದು ನೋಡಿ ಅಂತ ಕಟ್ಟಡ ಕಚೇರಿಗೆ ನಾನೇ ಬರೆದಿದ್ದೇನೆ. ಫೀಸು ನಿನ್ನದು.

ಮೆಷಿನ್ನಿಗೆ ಎಣ್ಣೆ ಬಿಟ್ಟಿದ್ದೇನೆ. ಸದ್ದು ಕಡಿಮೆಯಾಗಲಿಲ್ಲ.

ಇತಿ,
ಮೆಟ್ಟಿಲಿಲ್ಲದವಳು

ಮಾರ್ಚ್ ೧೧

ಪಕ್ಕದ ಮನೆಯ ದೂರುದಾರಳಿಗೆ,

ನಿನ್ನ ಕೃಪೆಯಿಂದ ಇನ್ಸ್‌ಪೆಕ್ಟರ್ ಬಂದರು. ಹೆಂಗಸು, ಚಿಕ್ಕ ಸುತ್ತಿಗೆ, ದೊಡ್ಡ ನೋಟುಬುಕ್ಕು. ನನ್ನ ಅಂಗಡಿಯ ಹುಡುಗರು ಆಗಲೇ 'ಟಕ್‌ಟಕ್ ಮೇಡಂ' ಅಂತ ಹೆಸರಿಟ್ಟಿದ್ದಾರೆ. ಬಂದವರು ಕೂರಲಿಲ್ಲ, ನೀರು ಕುಡಿಯಲಿಲ್ಲ. ಗೋಡೆಗೆ ಕಿವಿಯಿಟ್ಟು ಟಕ್ ಟಕ್ ಅಂತ ಹೊಡೆಯುತ್ತಾ ಬಂದರು. ಎಲ್ಲ ಕಡೆ ಟಕ್. ಹಳೇ ಬಾಗಿಲ ಜಾಗದಲ್ಲಿ ಢಬ್.

"ಇಲ್ಲಿ ಟೊಳ್ಳಿದೆ" ಅಂದರು.

"ಗಾರೆ ಉಬ್ಬಿರ್ಬೇಕು ಮೇಡಂ" ಅಂದೆ.

"ಗಾರೆ ಉಬ್ಬಿದ್ರೆ ಈ ಸದ್ದು ಬರಲ್ಲ. ನೀವೆಷ್ಟು ಕಟ್ಟಿದ್ರಿ?"

"ಒಂಬತ್ತು ಇಂಚು."

"ಅವರು?"

"ಅವರೂ ಒಂಬತ್ತು ಅಂತಾರೆ."

ಆಕೆ ಹೊರಗೆ ಹೋಗಿ, ಮುಂದಿನ ಕಟ್ಟೆಯ ಹತ್ತಿರ ಗೋಡೆಯ ದಪ್ಪಕ್ಕೆ ಟೇಪು ಹಿಡಿದು ಬಂದರು. "ಒಂಬತ್ತೂ ಒಂಬತ್ತೂ ಹದಿನೆಂಟು. ಗೋಡೆ ಇರೋದೇ ಹದಿನಾಲ್ಕು ಇಂಚು. ಮಿಕ್ಕ ನಾಲ್ಕು ಇಂಚು ಯಾರ ಮನೇಲಿ ಮಲಗುತ್ತೆ ಯಜಮಾನ್ರೆ?"

ಅಂಗಡಿಯ ಹುಡುಗರು ನಕ್ಕರು. ನಲವತ್ತು ವರ್ಷದಿಂದ ಅಳತೆಯ ವ್ಯಾಪಾರ ಮಾಡುವವನು ನಾನು. ಆಕೆ 'ಒಳಗೆ ಏನಿದೆ ಅಂತ ನಾನು ಕಣ್ಣಲ್ಲಿ ನೋಡುವವರೆಗೆ ತೊಲೆ ಇಡಕೂಡದು' ಅಂತ ಚೀಟಿ ಬರೆದು ಕೊಟ್ಟು ಹೋದರು. ಒಡೆದು ನೋಡಲು ಎರಡೂ ಮನೆಯವರ ಒಪ್ಪಿಗೆ ಬೇಕಂತೆ. ಇದೊಂದು ಭೇಟಿಯ ಫೀಸಿನಲ್ಲಿ ನಿನ್ನ ಅತ್ತಿಗೆಗೆ ಒಳ್ಳೆಯ ಚಕ್ರದ ಕುರ್ಚಿ ಬರುತ್ತಿತ್ತು.

ನಿನ್ನನ್ನು ನೇರವಾಗಿ ಕೇಳುತ್ತೇನೆ. ನಿನ್ನ ಮನೆಯವರು ನಿಜವಾಗಿ ಕಟ್ಟಿಸಿದ್ದು ಎಷ್ಟು? ಸತ್ತವರ ಮೇಲೆ ಹೊರೆ ಹೊರಿಸಬಾರದು ಅಂತಾರೆ. ಆದರೆ ನಾನು ಹೊರಿಸಹೊರಟಿರುವುದು ಕಬ್ಬಿಣದ ತೊಲೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ. ಅಡ್ಡಗೋಡೆ ಗಟ್ಟಿಯಿದೆಯೋ ಇಲ್ಲವೋ, ಅದನ್ನು ಮೊದಲು ಹೇಳು.

ಇತಿ,
ಅಣ್ಣ

ಮಾರ್ಚ್ ೨೯

ಅಣ್ಣನಿಗೆ,

ಇಡಕೂಡದು ಅಂದ ತೊಲೆಯನ್ನು ನೀನು ಇಟ್ಟೆ.

ಹದಿನೆಂಟನೇ ತಾರೀಕು ಬೆಳಗ್ಗೆ ಲಾರಿ ಬಂದ ಸದ್ದು, ಆರು ಜನ ಹೋ ಅಂತ ಎತ್ತಿದ ಸದ್ದು, ಎಲ್ಲ ಕೇಳಿದೆ. "ಗ್ಯಾಂಗು ಇವತ್ತೇ ಸಿಕ್ಕಿದೆ, ನಾಳೆ ಬಾ ಅಂದ್ರೆ ಬೇರೆ ಕೆಲಸಕ್ಕೆ ಹೋಗ್ತಾರೆ. ಆ ಹೆಂಗಸು ಬಂದಾಗ ನೋಡ್ಕೊಂಡ್ರಾಯ್ತು" ಅಂತ ನೀನು ಮೇಸ್ತ್ರಿಗೆ ಹೇಳಿದ್ದೂ ಕೇಳಿದೆ. ಗೋಡೆಗೆ ಕಿವಿಯಿದೆ ಅಂತ ಗಾದೆ. ನಮ್ಮ ಗೋಡೆಗೆ ಬಾಯಿಯೂ ಇದೆ.

ಇಪ್ಪತ್ತೆರಡರಂದು ನನ್ನ ಕಡೆ ಗಾರೆಯಲ್ಲಿ ಒಂದು ಕೂದಲೆಳೆಯಷ್ಟು ಬಿರುಕು ಕಂಡಿತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಅದರ ತುದಿಗೆ ಅಡ್ಡಗೆರೆ ಎಳೆದು ತಾರೀಕು ಬರೆದೆ. ಮಾರನೇ ದಿನ ಬಿರುಕು ಗೆರೆ ದಾಟಿತ್ತು. ಮತ್ತೆ ಗೆರೆ ಎಳೆದೆ. ಇವತ್ತಿಗೆ ಏಳು ಗೆರೆ. ಟೇಪು ಹಿಡಿದು ಅಳೆದಿದ್ದೇನೆ: ಹನ್ನೊಂದೂಕಾಲು ಇಂಚು. ಅಳತೆಯ ವ್ಯಾಪಾರ ಮಾಡುವವನು ನೀನೊಬ್ಬನೇ ಅಲ್ಲ.

ಕೆಲಸದವರನ್ನು ಕಿಟಕಿಯ ಹತ್ತಿರ ನೆಲದ ಮೇಲೆ ಕೂರಿಸಿದ್ದೇನೆ. ಅವರಲ್ಲಿ ಹಿರಿಯಳು, "ಅಕ್ಕ, ನಿಮ್ಮಣ್ಣ ನಮ್ಮನ್ನೆಲ್ಲ ಒಂದೇ ಅಳತೇಲಿ ಕತ್ತರಿಸ್ತಾರೋ ಏನೋ" ಅಂದಳು. ನಗಲಿಲ್ಲ ನಾನು. ಕಚೇರಿಗೆ ಇನ್ನೊಂದು ಅರ್ಜಿ ಹಾಕಿದ್ದೇನೆ, ಗೆರೆಗಳ ಫೋಟೊ ಸಮೇತ.

ಇತಿ,
ತಂಗಿ

ಏಪ್ರಿಲ್ ೬

ಗೆರೆ ಎಳೆಯುವವಳಿಗೆ,

ನಿನಗೆ ಸಮಾಧಾನವಾಯಿತೇ? ಟಕ್‌ಟಕ್ ಮೇಡಂ ಮತ್ತೆ ಬಂದರು. ಬಾಗಿಲಿಗೆ ಕೆಂಪು ಕಾಗದ ಅಂಟಿಸಿದರು: ಕೆಲಸ ನಿಲ್ಲಿಸತಕ್ಕದ್ದು. ಬೀದಿಯಲ್ಲಿ ಹೋಗುವವರೆಲ್ಲ ನಿಂತು ಓದುತ್ತಾರೆ. ತೊಲೆಯ ಎರಡೂ ತುದಿಗೆ ಆಸರೆಯಾಗಿ ಕಬ್ಬಿಣದ ಜಾಕಿ ಕಂಬ ಆನಿಸಬೇಕು, ಗೋಡೆ ತೆರೆದು ನೋಡುವವರೆಗೆ ಅದನ್ನು ತೆಗೆಯಕೂಡದು ಅಂದರು. ಆನಿಸಿದೆ. ಫೀಸಿನ ಜೊತೆಗೆ ಈ ಸಲ ದಂಡವೂ ಬಿತ್ತು.

ನಿನಗೆ ನಗು ಬರುವ ಒಂದು ಸಂಗತಿ ಹೇಳುತ್ತೇನೆ, ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ಕೇಳು. "ಮೇಡಂ, ಬಿಸಿಲಲ್ಲಿ ಬಂದಿದ್ದೀರಿ, ಚಹಾ ಖರ್ಚಿಗೆ ಇರಲಿ" ಅಂತ ಲಕೋಟೆ ಚಾಚಿದೆ. ಆಕೆ ಲಕೋಟೆ ಮುಟ್ಟಲಿಲ್ಲ. ನೋಟುಬುಕ್ಕು ತೆಗೆದು, 'ಮನೆಯ ಯಜಮಾನರು ಚಹಾ ಖರ್ಚು ನೀಡಲು ಬಂದರು, ನಿರಾಕರಿಸಲಾಯಿತು' ಅಂತ ಬರೆದು ನನ್ನ ಮುಂದೆ ಹಿಡಿದರು. "ಓದಿ ಸಹಿ ಹಾಕಿ." ಹಾಕಿದೆ! ಜೀವಮಾನದಲ್ಲಿ ನೂರಾರು ಕಾಗದಕ್ಕೆ ಸಹಿ ಹಾಕಿದ್ದೇನೆ. ನಾನು ಕೆಟ್ಟವನು ಅನ್ನುವುದಕ್ಕೆ ಹಾಕಿದ್ದು ಇದೊಂದಕ್ಕೆ.

ಹೋಗುವಾಗ ಆಕೆ ಅಂದರು: "ಇಬ್ಬರೂ ನಿಜ ಬರ್ಕೊಡಿ, ಒಂದೇ ದಿನದಲ್ಲಿ ಗೋಡೆ ತೆರೆದು ಮುಗಿಸೋಣ. ಸುಳ್ಳು ಬರೆದ್ರೆ ನನಗೇನೂ ನಷ್ಟ ಇಲ್ಲ. ತೊಲೆಗೆ ಓದೋಕ್ ಬರಲ್ಲ."

ನಾನು ಬರೆಯಬೇಕಾದ್ದು ಏನೂ ಇಲ್ಲ. ನನ್ನದು ಒಂಬತ್ತು ಇಂಚು. ಬರೆಯಬೇಕಾದವಳು ನೀನು.

ಇತಿ,
ಅಣ್ಣ

ಏಪ್ರಿಲ್ ೨೧

ಅಣ್ಣ,

ಈ ಪತ್ರಕ್ಕೆ ಅಂಚೆಚೀಟಿಯಿಲ್ಲ. ಮೂರು ದಿನ ಕಾಯುವ ಹಾಗಿಲ್ಲದ್ದರಿಂದ ನಿನ್ನ ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದೇನೆ.

ನಿನ್ನೆ ಸಂಜೆ ಕಬ್ಬಿಣ ನೆಲದ ಮೇಲೆ ಎಳೆದ ಸದ್ದು ಕೇಳಿತು. ಆಮೇಲೆ ಮಂಚದ ಕಾಲು ಎಳೆದ ಸದ್ದು. ಆಮೇಲೆ ಅತ್ತಿಗೆಯ ಕೋಲು, ಟಕ್, ಟಕ್, ನಿಂತಿತು. ಮಂಚ ಹಾಕಲು ಜಾಗ ಸಾಲದೆ ನೀನು ನನ್ನ ಗೋಡೆಯ ಕಡೆಯ ಜಾಕಿ ಕಂಬ ತೆಗೆದಿದ್ದೀಯ. ತೊಲೆಯ ತುದಿ ಅವರ ತಲೆಯ ಮೇಲೆ ಇದೆ. ಇವತ್ತು ಬೆಳಗ್ಗೆ ನೋಡಿದರೆ ಬಿರುಕು ಒಂದೇ ರಾತ್ರಿಗೆ ಎರಡು ಬೆರಳು ಓಡಿದೆ.

ಈಗ ಸರಿಯಾಗಿ ಓದು. ನಮ್ಮ ಕಡೆ ಇರುವುದು ಒಂದೇ ಸಾಲು ಇಟ್ಟಿಗೆ. ನಾಲ್ಕೂವರೆ ಇಂಚು, ಗಾರೆ ಬಿಟ್ಟು. ಇಟ್ಟಿಗೆ ಹೊತ್ತು ಕೊಟ್ಟವಳು ನಾನೇ, ಎಷ್ಟು ಅಂತ ನನಗೆ ಗೊತ್ತು. 'ಇಬ್ಬರೂ ಸೇರಿ ಪೂರ್ತಿ ಮುಚ್ಚತಕ್ಕದ್ದು' ಅಂತ ಪಾಲಿನ ಕಾಗದದಲ್ಲಿತ್ತು. ಸೇರುವವರು ಯಾರು? ನಿನ್ನ ಮೇಸ್ತ್ರಿ ಆ ಕಡೆ ಕಟ್ಟುತ್ತಿದ್ದಾನೆ ಅಂತ ಗೊತ್ತಾಯಿತು. "ನಿಮ್ಮಣ್ಣ ಜಂಬದ ಮನುಷ್ಯ, ದಪ್ಪಗೇ ಕಟ್ಟಿಸ್ತಾನೆ. ನಮಗೆ ಮುಖ ಮುಚ್ಚಿದ್ರೆ ಸಾಕು" ಅಂದರು ನಮ್ಮ ಮನೆಯವರು. ನಾನೂ ಹೂಂ ಅಂದೆ. ಕೇಳಿದವರಿಗೆಲ್ಲ ಒಂಬತ್ತು ಅಂತ ಹೇಳುತ್ತಾ ಬಂದೆವು.

ಇದನ್ನೇ ಮೇಡಂಗೆ ಬರೆದು, ಗೋಡೆ ತೆರೆಯಲು ಒಪ್ಪಿಗೆಯಿದೆ ಅಂತ ಸಹಿ ಹಾಕಿ ಕೊಟ್ಟು ಬಂದಿದ್ದೇನೆ.

ನಿನ್ನ ತಲೆಯ ಮೇಲೆ ಬೀಳುವುದಾದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಅತ್ತಿಗೆಯನ್ನು ಅಲ್ಲಿಂದ ಎಬ್ಬಿಸು. ಆಮೇಲೆ ನಿನ್ನ ಒಂಬತ್ತು ಇಂಚನ್ನು ಇನ್ನೊಂದು ಸಲ ಅಳೆದು ಹೇಳು.

ತಂಗಿ

ಏಪ್ರಿಲ್ ೨೧, ಮಧ್ಯಾಹ್ನ

ತಂಗಿಗೆ,

ಎಬ್ಬಿಸಿದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿಸಿದ್ದೇನೆ. ಕಂಬ ವಾಪಸ್ಸು ಆನಿಸಿದ್ದೇನೆ.

ನನ್ನ ಕಡೆಯೂ ಒಂದೇ ಸಾಲು.

ಇಟ್ಟಿಗೆ ಒಂಬತ್ತು ಇಂಚಿಗೆ ಸಾಕಾಗುವಷ್ಟೇ ತರಿಸಿದ್ದೆ, ಅದು ಸುಳ್ಳಲ್ಲ. ನಿನ್ನ ಮನೆಯವರು ಆ ಕಡೆ ಕಟ್ಟಿಸುತ್ತಿದ್ದಾರೆ, ಅಳೆದೂ ಸುರಿದೂ ಕೆಲಸ ಮಾಡುವ ಮನುಷ್ಯ, ಗಟ್ಟಿಯಾಗಿಯೇ ಕಟ್ಟಿಸುತ್ತಾರೆ ಅಂತ ಅರ್ಧಕ್ಕೆ ನಿಲ್ಲಿಸಿದೆ. ಮಿಕ್ಕ ಇಟ್ಟಿಗೆ ಮೆಟ್ಟಿಲ ಪಕ್ಕದ ಕೈಗೋಡೆಗೆ ಹೋಯಿತು.

ಮೇಡಂಗೆ ನಾನೂ ಇದನ್ನೇ ಬರೆದುಕೊಟ್ಟೆ, ಗುರುವಾರ ಬೆಳಗ್ಗೆ ಹತ್ತಕ್ಕೆ ತೆರೆಯುತ್ತಾರೆ. ಧೂಳು ಬೀಳುತ್ತದೆ. ಬಟ್ಟೆಗಳನ್ನೆಲ್ಲ ಮುಚ್ಚಿಡು.

ಅಣ್ಣ

ಮೇ ೪

ಅಣ್ಣನಿಗೆ,

ಗುರುವಾರ ನೀನೂ ಇದ್ದೆ, ನಾನೂ ಇದ್ದೆ. ಆದರೂ ಬರೆದಿಡುತ್ತೇನೆ. ಮುಂದೆ ನೀನು ಬೇರೆ ಥರ ಹೇಳಿದರೆ ನನ್ನ ಹತ್ತಿರ ಕಾಗದ ಇರಬೇಕು.

ಮೊದಲು ನಿನ್ನ ಕಡೆಯ ಇಟ್ಟಿಗೆ ಬಿಚ್ಚಿದರು, ಆಮೇಲೆ ನನ್ನ ಕಡೆಯದು. ನಡುವೆ ಬಾಗಿಲು ಇತ್ತು. ಅಪ್ಪ ಬಳಿಸಿದ ಹಸಿರು ಬಣ್ಣದ ಅದೇ ಬಾಗಿಲು, ಚೌಕಟ್ಟು ಸಮೇತ. ಯಾರೂ ಅದನ್ನು ಕಿತ್ತಿರಲಿಲ್ಲ. ನಿನ್ನ ಕಡೆ ಚಿಲಕ ಹಾಕಿತ್ತು. ನನ್ನ ಕಡೆಯೂ ಹಾಕಿತ್ತು.

"ಎರಡೂ ಕಡೆ ಚಿಲಕ ಹಾಕಿ, ಎರಡೂ ಕಡೆ ಗೋಡೆ ಕಟ್ಟಿದ್ದೀರಿ. ಒಳಗೆ ಯಾರನ್ನ ಕೂಡಿ ಹಾಕಿದ್ರಿ?" ಅಂತ ಮೇಡಂ ಕೇಳಿದರು. ನೀನು ಮೇಸ್ತ್ರಿಯ ಮುಖ ನೋಡಿದೆ. ನಾನು ಮೇಜಿನ ಮೇಲಿನ ಕತ್ತರಿ ನೋಡಿದೆ.

ಆಮೇಲೆ ಆಕೆ ಏಣಿ ಹತ್ತಿದರು. ನಮ್ಮ ಎರಡೂ ಸಾಲು ಇಟ್ಟಿಗೆ ಮೇಲಿನತನಕ ಮುಟ್ಟಿಯೇ ಇರಲಿಲ್ಲ. ನನ್ನ ಕಡೆಯ ಸಂದಿಗೆ ಸುದ್ದಿಪತ್ರಿಕೆ ತುರುಕಿತ್ತು, ನಿನ್ನ ಕಡೆಯದಕ್ಕೆ ನಿನ್ನ ಹಳೇ ಬನಿಯನ್ನು. ಗೋಡೆಯ ಭಾರ, ತೊಲೆಯ ಭಾರ, ಮಹಡಿಯ ಭಾರ ಎಲ್ಲ ಕೂತಿದ್ದು ಬಾಗಿಲ ನೆತ್ತಿಯ ಹಳೇ ಮರದ ಅಡ್ಡಪಟ್ಟಿಯ ಮೇಲೆ. ಮೇಡಂ ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಆ ಮರಕ್ಕೆ ಒತ್ತಿದರು. ಪೆನ್ಸಿಲು ಪೂರ್ತಿ ಒಳಗೆ ಹೋಯಿತು. ಒಳಗೆಲ್ಲ ಗೆದ್ದಲು.

"ಇನ್ನೆಷ್ಟು ದಿನ ತಡೀತಿತ್ತು ಮೇಡಂ?" ಅಂತ ನೀನು ಕೇಳಿದೆ. ನಿನ್ನ ಧ್ವನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ದಿನದ ಲೆಕ್ಕ ಬೇಡ ಯಜಮಾನ್ರೆ" ಅಂದರು ಆಕೆ.

ಹನ್ನೊಂದು ವರ್ಷದ ಮೇಲೆ ನೀನು ನನಗೆ ಆಡಿದ ಮೊದಲ ಮಾತು, "ಸ್ವಲ್ಪ ಆ ಕಡೆ ಸರಿ, ಇಟ್ಟಿಗೆ ಬೀಳುತ್ತೆ." ನಾನು ಆಡಿದ್ದು, "ಗೊತ್ತಿದೆ." ಅಲ್ಲಿಗೆ ಮುಗಿಯಿತು.

ಮೇಡಂ ಎರಡು ದಾರಿ ಹೇಳಿದರು. ಗಟ್ಟಿ ಕಬ್ಬಿಣದ ಚೌಕಟ್ಟು ಹಾಕಿ ಬಾಗಿಲನ್ನು ಬಾಗಿಲಾಗಿಯೇ ಉಳಿಸಿಕೊಳ್ಳುವುದು ಒಂದು. ಮರವನ್ನೆಲ್ಲ ಕಿತ್ತು, ಮೇಲೆ ಕಾಂಕ್ರೀಟಿನ ಅಡ್ಡಪಟ್ಟಿ ಹಾಕಿ, ಕೆಳಗಿನಿಂದ ಮೇಲಿನತನಕ ಹದಿನಾಲ್ಕೂ ಇಂಚು ಇಟ್ಟಿಗೆ ತುಂಬುವುದು ಇನ್ನೊಂದು. ನೀನು ನನ್ನ ಕಡೆ ನೋಡಿದೆ. ನಾನು 'ತುಂಬಿಸಿ' ಅಂದೆ. ಅದರಲ್ಲಿ ಬದಲಾವಣೆಯಿಲ್ಲ.

ಷರತ್ತು: ಎರಡು ಸಾಲೂ ಕೂಡಿಕೊಳ್ಳುವ ಹಾಗೆ ನಡುನಡುವೆ ಇಟ್ಟಿಗೆಯನ್ನು ಅಡ್ಡಕ್ಕೆ ಇಡಬೇಕು, ಎರಡೂ ಕಡೆಯಿಂದ ಒಂದೇ ಸಲ ಕಟ್ಟಬೇಕು ಅಂದಿದ್ದಾರೆ. ಮೇಸ್ತ್ರಿ ನಿನ್ನವನಿರಲಿ. ಇಟ್ಟಿಗೆ ಎಣಿಸುವವಳು ನಾನು. ಒಂದೊಂದು ಸಾಲಿಗೂ ಆ ಕಡೆಯಿಂದ ನೀನು ಎಣಿಸಿ ಹೇಳಬೇಕು, ಗಟ್ಟಿಯಾಗಿ.

ಇತಿ,
ತಂಗಿ

ಜೂನ್ ೨೦

ಇಟ್ಟಿಗೆ ಎಣಿಸಿದವಳಿಗೆ,

ಕೆಂಪು ಕಾಗದ ಕಿತ್ತರು. ಮೇಡಂ ನಿನ್ನೆ ಕೊನೆಯ ಭೇಟಿಗೆ ಬಂದು ಗೋಡೆಯುದ್ದಕ್ಕೂ ಹೊಡೆದು ನೋಡಿದರು. ಎಲ್ಲ ಕಡೆ ಟಕ್. ಒಟ್ಟು ಐದು ಭೇಟಿ, ಒಂದು ದಂಡ. ಬಿಲ್ಲನ್ನು ಅಂಗಡಿಯ ಗಲ್ಲಾದ ಮೇಲೆ ಮೊಳೆ ಹೊಡೆದು ತೂಗುಹಾಕಿದ್ದೇನೆ. 'ಇನ್ಸ್‌ಪೆಕ್ಷನ್ನು ದಂಡದ ಖರ್ಚು ಸಾರ್' ಅನ್ನುವ ಗಿರಾಕಿಗೆ ಅದನ್ನೂ ತೋರಿಸುತ್ತೇನೆ, ಪೆನ್ಸಿಲಿನ ಕಥೆಯನ್ನೂ ಹೇಳುತ್ತೇನೆ. ಬನಿಯನ್ನಿನ ಕಥೆ ಹೇಳುವುದಿಲ್ಲ.

ನಿನ್ನ ಅತ್ತಿಗೆ ಕೆಳಗಿನ ಕೋಣೆಯಲ್ಲಿ ಮಲಗುತ್ತಾಳೆ. ತೊಲೆ ಅವಳ ತಲೆಯ ಮೇಲೇ ಇದೆ. ನಿದ್ದೆ ಬರುತ್ತದೆ ಅನ್ನುತ್ತಾಳೆ.

ನಿದ್ದೆಯಿಲ್ಲದ್ದು ನನಗೆ. ಹೇಳಲು ನಾಚಿಕೆ, ಆದರೆ ನಿನ್ನ ಮುಖ ಎದುರಿಗಿಲ್ಲವಲ್ಲ. ಗೋಡೆ ಗಟ್ಟಿಯಾದ ಮೇಲೆ ನಿನ್ನ ಮನೆಯ ಒಂದು ಸದ್ದೂ ಈ ಕಡೆ ಬರುತ್ತಿಲ್ಲ. ಹನ್ನೊಂದು ವರ್ಷ ಡೋಲಿನೊಳಗೆ ಸಂಸಾರ ಮಾಡಿದ್ದೆವು ಅಂತ ಈಗ ಗೊತ್ತಾಯಿತು. ಮಧ್ಯಾಹ್ನ ನಿನ್ನ ಮೆಷಿನ್ ಶುರುವಾದರೆ ಬೈದುಕೊಂಡು ಎದ್ದು ಅಂಗಡಿಗೆ ಹೋಗುತ್ತಿದ್ದೆ. ಆ ಸದ್ದಿಲ್ಲದೆ ಹೊತ್ತು ತಿಳಿಯದೆ ಈ ವಾರ ಎರಡು ದಿನ ಅಂಗಡಿ ನಾಲ್ಕಕ್ಕೆ ತೆರೆದೆ. ನಿನ್ನೆ ನಿನ್ನ ಅತ್ತಿಗೆ ಕೋಲಿನಿಂದ ಗೋಡೆಗೆ ಮೂರು ಸಲ ಕುಟ್ಟಿ ನೋಡಿದಳು. "ಆ ಕಡೆ ಕೇಳ್ಸಿರಲ್ಲ ಬಿಡಿ" ಅಂದಳು.

ನೀನು ಕೆಲಸಕ್ಕೆ ಕೂತಿದ್ದೀಯೋ, ಜ್ವರ ಬಂದು ಮಲಗಿದ್ದೀಯೋ, ಇದ್ದೀಯೋ ಇಲ್ಲವೋ, ತಿಳಿಯುವ ದಾರಿ ಇನ್ನು ಅಂಚೆಯೊಂದೇ.

ಕಡತ ಮುಚ್ಚಲು ಪಕ್ಕದ ಮನೆಯವರ ಸಹಿ ಈಗಲೂ ಬೇಕು. ಹದಿನೇಳನೇ ಪ್ರಶ್ನೆಗೆ ನಾನು ಬರೆದಿದ್ದನ್ನು ಹೊಡೆದುಹಾಕಿದ್ದೇನೆ. ನೀನೇ ಬರೆ.

ಇತಿ,
ಅಣ್ಣ

ಜೂನ್ ೨೬

ಅಣ್ಣನಿಗೆ,

ಇದ್ದೇನೆ.

ಅರ್ಜಿ ಇದರೊಳಗಿದೆ, ಸಹಿ ಹಾಕಿದ್ದೇನೆ. ಹದಿನೇಳನೇ ಪ್ರಶ್ನೆಗೆ 'ಇಟ್ಟಿಗೆ, ಇಬ್ಬರೂ ನಿಂತು ಎಣಿಸಿದ್ದು' ಅಂತ ಬರೆದಿದ್ದೇನೆ. ಮೆಟ್ಟಿಲಿನ ವಿಷಯ ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಬಿರುಕಿನ ಭಯಕ್ಕೆ ಮೆಷಿನ್ನನ್ನು ಬೀದಿಯ ಕಿಟಕಿಯ ಹತ್ತಿರ ತಂದಿದ್ದೆ. ಬೆಳಕು ಚೆನ್ನಾಗಿದೆ, ಅಲ್ಲೇ ಬಿಟ್ಟಿದ್ದೇನೆ. ಎರಡು ಗಂಟೆಗೆ ನಿನ್ನ ಕಿಟಕಿ ತೆಗೆದಿಟ್ಟುಕೊಂಡರೆ ಕೇಳಿಸುತ್ತದೆ. ಮುಚ್ಚಿಕೊಂಡಿದ್ದರೆ ನಿನ್ನ ಹಣೆಬರಹ.

ಅತ್ತಿಗೆಗೆ ಹೇಳು, ಗೋಡೆಗೆ ಕುಟ್ಟಿ ಕೈ ನೋಯಿಸಿಕೊಳ್ಳಬೇಡಿ ಅಂತ. ಕಿಟಕಿಯ ಸರಳಿಗೆ ಕುಟ್ಟಿದರೆ ಸಾಕು.

ಇತಿ,
ಪಕ್ಕದ ಮನೆಯವಳು